ಹಿಂದಕ್ಕೆ ಹೋಗದ ಬಿಳಿ ಗಾಡಿ

ಗಾಡಿ ಮಾರುವವನು ಅದರ ಊನವನ್ನು ಕೊಳ್ಳುವವನಿಗೆ ತನ್ನ ಬಾಯಿಂದಲೇ ಹೇಳಬೇಕು. ಅವನು ಕೇಳಲಿ, ಕೇಳದಿರಲಿ. ಇದು ನಿಯಮ. ಕೊಯಮತ್ತೂರಿನಲ್ಲಿ ಇನ್ಶೂರೆನ್ಸ್ ಕಂಪನಿಗಳಿಗೆ ಗಾಡಿ ಪರೀಕ್ಷಿಸಿ ರಿಪೋರ್ಟ್ ಬರೆಯುವುದರಲ್ಲೇ ತಲೆ ನರೆಸಿಕೊಂಡವನು ನಾನು. ಇಷ್ಟು ಸಣ್ಣ ವಿಷಯವನ್ನು ದೊಡ್ಡವರಿಗೆ ಬಿಡಿಸಿ ಹೇಳಬೇಕಾದೀತೆಂದು ಎಣಿಸಿರಲಿಲ್ಲ. ಆದರೆ ನಮ್ಮ ನೆಂಟರಿಷ್ಟರಲ್ಲಿ ಎಣಿಸದೆ ಇರುವುದೇ ದಿನಾ ನಡೆಯುತ್ತದೆ.

ಒಂದು ಬಿಳಿ ಗಾಡಿ. ವಿದೇಶಿ ಕಂಪನಿಯದು, ಚರ್ಮದ ಸೀಟು, ತಲೆಯ ಮೇಲೆ ಗಾಜಿನ ಕಿಟಕಿ, ಗೇರನ್ನು ತಾನೇ ಬದಲಿಸಿಕೊಳ್ಳುವ ಜಾತಿ. ಅದಕ್ಕಿದ್ದ ಕಾಯಿಲೆ ಒಂದೇ: ಅರ್ಧ ಗಂಟೆ ಓಡಿ ಬಿಸಿಯಾದರೆ ಹಿಂದಕ್ಕೆ ಹೋಗುತ್ತಿರಲಿಲ್ಲ. ಅದು ನಮ್ಮವರ ಮೂರು ಮನೆ ಸುತ್ತಿತು, ಮೂರು ಮನೆಯಲ್ಲೂ ನಿಯಮ ಮುರಿಯಿತು. ನಾಲ್ಕನೆಯದಾಗಿ ಹೊರಟದ್ದು ಮೆಟ್ಟುಪಾಳ್ಯದಲ್ಲಿರುವ ನನ್ನ ಒಡಹುಟ್ಟಿದ ತಂಗಿಯ ಮನೆಗೆ. ಅವಳ ಮಗ ಕ್ಯಾರೆಟ್ ವ್ಯಾಪಾರಿ. ವಾರಕ್ಕೆ ನಾಲ್ಕು ದಿನ ನೀಲಗಿರಿ ಘಾಟಿ ಹತ್ತಿ ಇಳಿಯುವವನು. ಹೇರ್‌ಪಿನ್ ತಿರುವಿನಲ್ಲಿ ಎದುರಿಗೆ ಬಸ್ಸು ಬಂದರೆ ಅಲ್ಲಿ ಹಿಂದೆ ಸರಿಯಲೇಬೇಕು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

ನಮ್ಮದು ತಲೆಮಾರುಗಳಿಂದ ಈ ಸೀಮೆಯಲ್ಲೇ ನೆಲೆಸಿ, ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಆಡುವ ಬಳಗ. ಹೆಣ್ಣು ಕೊಡುವುದೂ ತರುವುದೂ ನಮ್ಮೊಳಗೇ. ಗಾಡಿಯೂ ಹಾಗೆಯೇ. ನಮ್ಮವರ ಗಾಡಿಗೆ ಮೆಕ್ಯಾನಿಕ್ ಕರೆದು ತೋರಿಸುವುದೆಂದರೆ ಮದುಮಗಳ ಬಾಯಿ ತೆರೆಸಿ ಹಲ್ಲು ಎಣಿಸಿದಷ್ಟು ಅವಮಾನ. ಬೀದಿ ಮೂಲೆಯ ಪಿಳ್ಳೆಯಾರ್ ಗುಡಿಯ, ಅಂದರೆ ಗಣಪತಿ ಗುಡಿಯ, ತನಕ ಓಡಿಸಿ, ಚಕ್ರದಡಿ ನಾಲ್ಕು ನಿಂಬೆಹಣ್ಣು ಹತ್ತಿಸಿ, ಕೀಲಿ ಕೈಗೆ ಕೊಟ್ಟರೆ ಪರೀಕ್ಷೆ ಮುಗಿಯಿತು. ಅಷ್ಟರಲ್ಲಿ ಯಾವ ಗೇರ್‌ಬಾಕ್ಸೂ ಬಿಸಿಯಾಗುವುದಿಲ್ಲ.

ತೋಟದ ದಾರಿ

ಮೊದಲು ಕೊಂಡವನು ನನ್ನ ದೊಡ್ಡಪ್ಪನ ಮಗ, ತೊಂಡಾಮುತ್ತೂರಿನಲ್ಲಿ ತೆಂಗು ಬೆಳೆಯುವ ಅಣ್ಣ. ಪೇಟೆಯಲ್ಲಿ ಯಾರೋ ಅಪರಿಚಿತರಿಂದ ತಂದು, ನನಗೆ ತೋರಿಸಬೇಕೆಂದು ಊರೆಲ್ಲ ಸುತ್ತಿಸಿ, ಕೊನೆಗೆ ತೋಟದೊಳಗೆ ನುಗ್ಗಿಸಿದ. ಎರಡು ಕಡೆಯೂ ತೆಂಗಿನ ಮರ, ನಡುವೆ ಗಾಡಿಯಷ್ಟೇ ಅಗಲದ ದಾರಿ, ತುದಿಯಲ್ಲಿ ಬಾವಿ. ಬಾವಿಯ ಹತ್ತಿರ ನಿಲ್ಲಿಸಿ ರಿವರ್ಸ್ ಹಾಕಿದ. ಇಂಜಿನ್ ಹುಲಿಯಂತೆ ಗರ್ಜಿಸಿತು. ಗಾಡಿ ಹಸುವಿನಂತೆ ನಿಂತಿತ್ತು.

"ಏನಣ್ಣಾ ಇದು?"

"ಏನಿಲ್ಲ ಬಿಡು. ಅದಕ್ಕೆ ಸ್ವಲ್ಪ ಆಯಾಸ."

ಇಳಿದು ಹಿಂದಿನ ಬಾಗಿಲು ಎತ್ತಿದ. ಒಳಗೆ ಚಾಪೆ, ಎರಡು ದಿಂಬು, ಫ್ಲಾಸ್ಕಿನಲ್ಲಿ ಕಾಫಿ, ಒಂದು ತಮಿಳು ಪೇಪರು. ಮರದ ನೆರಳಲ್ಲಿ ಚಾಪೆ ಹಾಸಿ, ನನಗೊಂದು ದಿಂಬು ಕೊಟ್ಟ. ಕೊಂಡ ಮೂರನೇ ದಿನದಿಂದ ಹೀಗೇ ಅಂತೆ! ಮುಕ್ಕಾಲು ಗಂಟೆ ಮಲಗೆದ್ದ ಮೇಲೆ ಗಾಡಿ ಮಾತು ಕೇಳಿತು.

ನಾನು ಬಿಡದೆ ಅದನ್ನು ನನಗೆ ಗೊತ್ತಿದ್ದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಗೇರ್‌ಬಾಕ್ಸಿನೊಳಗಿನ ಸೀಲುಗಳು ಸವೆದಿವೆ, ಎಣ್ಣೆ ಬಿಸಿಯಾಗಿ ತೆಳುವಾದರೆ ಒತ್ತಡ ನಿಲ್ಲುವುದಿಲ್ಲ, ಇಳಿಸಿ ಬಿಚ್ಚಲೇಬೇಕು ಎಂದರು ಅವರು. ಅಣ್ಣ ನನ್ನನ್ನು ಕಟುಕನನ್ನು ನೋಡುವಂತೆ ನೋಡಿದ.

"ಇಷ್ಟು ಲಕ್ಷಣವಾದ ಗಾಡಿಯ ಹೊಟ್ಟೆ ಕುಯ್ಯಿಸಕ್ಕೆ ಹೇಳ್ತೀಯಲ್ಲೋ, ನೀನು ಮನುಷ್ಯನಾ? ನಮ್ಮ ಮನೆತನದಲ್ಲಿ ಯಾರು ಹಿಂದೆ ಹೋಗಿದಾರೆ ಹೇಳು, ಗಾಡಿ ಹೋಗಕ್ಕೆ!"

ಲಡ್ಡು

ಎರಡು ತಿಂಗಳಲ್ಲಿ ಅಣ್ಣ ಅದನ್ನು ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಇಟ್ಟಿರುವ ತನ್ನ ಬಾಮೈದನಿಗೆ, ಅಂದರೆ ಅತ್ತಿಗೆಯ ತಮ್ಮನಿಗೆ, ಮಾರಲು ನಿಂತ. ಪೂಜೆಗೆ ನನ್ನನ್ನೂ ಕರೆದಿದ್ದ. ಕರ್ಪೂರ ಹಚ್ಚುವ ಮೊದಲು ಅವನನ್ನು ಮೂಲೆಗೆ ಎಳೆದು ಕೇಳಿದೆ: "ಅವರಿಗೆ ಹೇಳಿದ್ಯಾ?"

"ಏನಂತ?"

"ರಿವರ್ಸ್ ವಿಷಯ."

"ಹೆಣ್ಣು ಕೊಟ್ಟ ಮನೆಯವರು. ಅವರ ಹತ್ರ ಹೋಗಿ ನನ್ನ ಗಾಡಿ ಸರಿಯಿಲ್ಲ ಅನ್ನಲಾ? ನನ್ನ ಮರ್ಯಾದೆ ಏನಾಗಬೇಕು?"

ಮೋಸ ಮಾಡುವುದು ಮರ್ಯಾದೆ, ನಿಜ ಹೇಳುವುದು ಅವಮಾನ! ಸರಿ, ನಾನೇ ಹೇಳುತ್ತೇನೆ ಎಂದು ತಿರುಪ್ಪೂರಿನವರ ಮುಂದೆ ಹೋಗಿ ನಿಂತು ಬಾಯಿ ತೆರೆದೆ. ಅತ್ತಿಗೆ ಅದನ್ನೇ ಕಾಯುತ್ತಿದ್ದರೋ ಏನೋ, "ತಗೋ ಕಣ್ಣು, ಶುಭ ಕಾರ್ಯ" ಎಂದು ತಮಿಳರಂತೆ ಮುದ್ದಿನಿಂದ ಕರೆದು ಮುಷ್ಟಿ ಗಾತ್ರದ ಲಡ್ಡು ಒಂದನ್ನು ಇಡಿಯಾಗಿ ಒಳಗೆ ತುರುಕಿದರು. ನಾನು ಅಗಿದು ಮುಗಿಸುವಷ್ಟರಲ್ಲಿ ನಿಂಬೆಹಣ್ಣು ಒಡೆದಿತ್ತು, ಕೀಲಿ ಕೈ ಬದಲಾಗಿತ್ತು. ಆಮೇಲೂ ಹೇಳಬಹುದಿತ್ತು. ಎಲ್ಲರೂ ನಗುತ್ತಿದ್ದರು. ನಾನು ಹೇಳಲಿಲ್ಲ.

ಬಾಯಲ್ಲಿ ತಿಂಡಿ ಇಟ್ಟುಕೊಂಡು ಮಾತಾಡಬಾರದೆಂದು ನಮ್ಮ ಇಂಗ್ಲಿಷ್ ಶಾಲೆಯಲ್ಲಿ ಸ್ಕೇಲಿನಿಂದ ಹೊಡೆದು ಕಲಿಸಿದ್ದರು. ಒಂದು ನಿಯಮ ಪಾಲಿಸಲು ಹೋಗಿ ಇನ್ನೊಂದನ್ನು ಮುರಿದವನು ನಮ್ಮ ತರಗತಿಯಲ್ಲಿ ನಾನೊಬ್ಬನೇ ಇರಬೇಕು.

ವಿದೇಶಿ ಅತಿಥಿ

ತಿರುಪ್ಪೂರಿನ ಬಾಮೈದ ಆ ಗಾಡಿಯಲ್ಲಿ ವಿದೇಶದಿಂದ ಬಂದ ಗಿರಾಕಿಯೊಬ್ಬರನ್ನು ತನ್ನ ಫ್ಯಾಕ್ಟರಿಗೆ ಕರೆದೊಯ್ಯುತ್ತಿದ್ದ. ಇಕ್ಕಟ್ಟು ಗಲ್ಲಿ, ಎದುರಿಗೆ ಬಟ್ಟೆಯ ಮೂಟೆ ಹೇರಿದ ಲಾರಿ. ಲಾರಿಯವನು ತಲೆ ಹೊರಗೆ ಹಾಕಿ ಕೂಗಿದ: "ಅಣ್ಣಾ, ಪಿನ್ನಾಡಿ ಎಡುಂಗ! ಹಿಂದೆ ತಗೊಳ್ಳಿ!"

ಹಿಂದೆ ತೆಗೆಯುವುದೆಲ್ಲಿ? ಬಾಮೈದ ಫೋನ್ ಮಾಡಿದ. ಫ್ಯಾಕ್ಟರಿಯಿಂದ ಬಟ್ಟೆ ಮಡಚುವ ಹೆಂಗಸರು ಹತ್ತು ಹನ್ನೆರಡು ಮಂದಿ ಸೆರಗು ಸಿಕ್ಕಿಸಿಕೊಂಡು ಬಂದರು. ಒಬ್ಬಾಕೆ "ಸಾಮಿಗೆ ಉತ್ಸವ, ಹಿಡೀರೇ!" ಎಂದಳು. ಎರಡು ಟನ್ನಿನ ಆ ಗಾಡಿಯನ್ನು ಮುಂದಿನಿಂದ ನೂಕುತ್ತ, ಗಲ್ಲಿಯುದ್ದಕ್ಕೂ ಹಿಂದಕ್ಕೆ ಮೆರವಣಿಗೆ ಹೊರಡಿಸಿದರು. ಗಿರಾಕಿ ಕಣ್ಣರಳಿಸಿ, ಇದೇನು ಎಂದು ಕೇಳಿದರಂತೆ. ಬಾಮೈದ ಕಣ್ಣು ಮಿಟುಕಿಸದೆ, "ದೊಡ್ಡ ಅತಿಥಿ ಬಂದರೆ ನಮ್ಮ ಕಡೆ ಹೀಗೇ ಬರಮಾಡಿಕೊಳ್ಳೋದು" ಎಂದನಂತೆ.

ಬಾಮೈದನ ಬಾಯಿಂದಲೇ ಇದನ್ನು ಕೇಳಿ ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. "ಆಮೇಲೆ?" ಎಂದೆ.

"ಆಮೇಲೇನು ಭಾವ, ಅವರು ಶೂ ಬಿಚ್ಚಿ ಕೆಳಗಿಳಿದು, ಭಕ್ತಿಯಿಂದ ತಾವೂ ಒಂದು ಕೈ ಹಚ್ಚಿದರು."

ಎರಡು ಗೇಟು

ಬಾಮೈದ ಅದನ್ನು ದಾಟಿಸಿದ್ದು ಕೊಯಮತ್ತೂರಿನಲ್ಲಿ ಆಡಿಟರ್ ಆಗಿರುವ ನನ್ನ ಚಿಕ್ಕಮ್ಮನ ಮಗನಿಗೆ. ಊರಿನವರ ಲೆಕ್ಕದಲ್ಲಿ ಒಂದು ಚುಕ್ಕೆ ತಪ್ಪಿದರೂ ಹಿಡಿಯುವ ಮನುಷ್ಯ, ಗುಡಿಯ ತನಕ ಓಡಿಸಿ, "ಏನ್ ಸ್ಮೂತ್!" ಎಂದು ಕೊಂಡುಕೊಂಡ. ಈ ಮಾರಾಟ ನನ್ನ ಕಿವಿಗೆ ಬೀಳುವಷ್ಟರಲ್ಲಿ ನಿಂಬೆಹಣ್ಣು ಒಣಗಿತ್ತು.

ಆಡಿಟರ್ ಕಾಯಿಲೆ ಕಂಡುಹಿಡಿದ ಮೇಲೆ ರಿಪೇರಿ ಮಾಡಿಸಲಿಲ್ಲ, ಬದುಕನ್ನೇ ತಿದ್ದಿಕೊಂಡ. ಪಾರ್ಕಿಂಗ್ ಇಲ್ಲದ ಡಾಕ್ಟರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿದ. ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಡಬಹುದಾದ ತರಕಾರಿ ಅಂಗಡಿಯಲ್ಲೇ ತರಕಾರಿ. ಯಾರಾದರೂ ಮದುವೆಗೆ ಕರೆದರೆ ಮುಹೂರ್ತ ಕೇಳುತ್ತಿರಲಿಲ್ಲ. "ಮಂಟಪಕ್ಕೆ ಎಷ್ಟು ಗೇಟು?" ಎಂದು ಕೇಳುತ್ತಿದ್ದ. ಒಂದೇ ಗೇಟಾದರೆ ಅವನಿಗೆ ಅಂದು ಜ್ವರ.

ಅವನ ಹೆಂಡತಿಯ ಸ್ವಂತ ಅಕ್ಕನ ಮಗಳ ಮದುವೆ ಒಂದು ಗೇಟಿನ ಮಂಟಪದಲ್ಲಿ ನಡೆಯಿತು. ಇವನಿಗೆ ಜ್ವರ ಬಂತು. ಅಕ್ಕ ತಂಗಿ ಮಾತು ಬಿಟ್ಟರು. ನಾನು ರೇಗಿದೆ: "ಅಲ್ಲಯ್ಯಾ, ಆಟೋದಲ್ಲಿ ಹೋಗಕ್ಕೆ ಏನಾಗಿತ್ತು?"

ಅವನು ನಿಜವಾಗಿಯೂ ಬೆಚ್ಚಿಬಿದ್ದ. "ಇಷ್ಟು ದೊಡ್ಡ ಗಾಡಿ ಮನೇಲಿಟ್ಟುಕೊಂಡು ಆಟೋದಲ್ಲಿ ಹೋದ್ರೆ ಜನ ಏನಂತಾರಣ್ಣಾ?"

ಬಾಯಿ ಬಿಡದ ಡ್ರೈವರು

ಆ ಆಡಿಟರ್ ಒಂದು ದಿನ ಸಂತೋಷದಿಂದ ಫೋನ್ ಮಾಡಿ, "ಗಾಡಿ ನಿಮ್ಮ ತಂಗಿ ಮಗನಿಗೇ ಕೊಡ್ತಾ ಇದೀನಿ, ನಮ್ಮೊಳಗೇ ಇರುತ್ತೆ" ಎಂದ. ತಕ್ಷಣ ತಂಗಿಗೆ ಫೋನ್ ಮಾಡಿ, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಣ್ಣಾ, ತಿರುಪ್ಪೂರವರಿಗೆ ಕೊಟ್ಟಾಗ ನೀನೂ ಅಲ್ಲೇ ಇದ್ಯಲ್ಲ?"

"ಇದ್ದೆ."

"ಅವತ್ತು ಯಾಕೆ ಹೇಳ್ಲಿಲ್ಲ?"

ಬಾಯಲ್ಲಿ ಲಡ್ಡು ಇತ್ತು ಎಂದು ಹೇಗೆ ಹೇಳಲಿ?

"ನೋಡು, ಅವತ್ತು ಸರಿಯಾಗಿದ್ದ ಗಾಡಿ ನನ್ನ ಮಗ ಕೊಳ್ಳೋವಾಗ ಕೆಟ್ಟುಹೋಯ್ತಾ? ಅವನು ನಿನಗಿಂತ ದೊಡ್ಡ ಗಾಡೀಲಿ ಓಡಾಡಬಾರದು, ಅಷ್ಟೇ ತಾನೆ?" ಎಂದು ಫೋನ್ ಇಟ್ಟಳು. ಜೀವಮಾನವೆಲ್ಲ ಗಾಡಿಗಳ ಬಗ್ಗೆ ನಿಜ ಬರೆದು ಸಹಿ ಹಾಕಿದವನ ಮಾತು, ಸ್ವಂತ ತಂಗಿಯ ಹತ್ತಿರ ಹೊಟ್ಟೆಕಿಚ್ಚಾಗಿ ಹೋಯಿತು.

ಗಾಡಿ ಒಪ್ಪಿಸುವ ದಿನ ನಾನೂ ಹೊರಟೆ, ಎಲ್ಲರೆದುರಿಗೆ ಮತ್ತೊಮ್ಮೆ ಹೇಳಿಬಿಡಬೇಕೆಂದು. ಆಡಿಟರ್ ಆ ದಿನಕ್ಕೆ ಮಾತ್ರ ಒಬ್ಬ ಆಕ್ಟಿಂಗ್ ಡ್ರೈವರನ್ನು, ಅಂದರೆ ದಿನದ ಬಾಡಿಗೆಯ ಚಾಲಕರನ್ನು, ಕರೆಸಿದ್ದ. ಪೋತ್ತನೂರಿನವರು, ರೈಲ್ವೆಯಲ್ಲಿ ಹಸಿರು ಬಾವುಟ ಬೀಸಿ ಇಂಜಿನ್ ಹಿಂದೆ ಮುಂದೆ ಸರಿಸುವ ಶಂಟಿಂಗ್ ಕೆಲಸ ಮಾಡಿ ರಿಟೈರ್ ಆದವರು. ಬಿಳಿ ಮೀಸೆ, ಹೆಗಲ ಮೇಲೊಂದು ಹಸಿರು ಟವೆಲು. ಹೊರಡುವ ಮುಂಚೆ ಆಡಿಟರ್ ಅವರಿಗೆ ತಮಿಳಿನಲ್ಲಿ ಪಾಠ ಹೇಳಿದ.

"ಮೆಟ್ಟುಪಾಳ್ಯಕ್ಕೆ ಮುಂಚೆ ಕಾರಮಡೈಯಲ್ಲಿ ನಿಲ್ಲಿಸಿ ನಿಧಾನವಾಗಿ ಟೀ ಕುಡೀರಿ, ಒಂದು ಗಂಟೆಯಾದರೂ ಪರವಾಗಿಲ್ಲ. ಅಲ್ಲಿಗೆ ಹೋದ ಮೇಲೆ ಮೂತಿ ರಸ್ತೆ ಕಡೆಗೇ ಇರಲಿ. ರಿವರ್ಸ್ ಮಾತ್ರ ಮುಟ್ಟಬೇಡಿ."

"ಯಾಕೆ ಸಾರ್?"

"ಬಿಸಿಯಾದ್ರೆ ಬೀಳಲ್ಲ."

ಅವರು ಸ್ಟಿಯರಿಂಗ್ ಮೇಲೆ ಕೈಯಿಟ್ಟು ಹಿಂದಕ್ಕೆ ತಿರುಗಿದರು. "ಕೊಳ್ಳೋರು ಬೆಟ್ಟಕ್ಕೆ ಹೋಗೋರು ಅಂದ್ರಲ್ಲ ಸಾರ್?"

"ಅದೆಲ್ಲ ನಿಮಗ್ಯಾಕೆ? ಅಲ್ಲಿ ಬಾಯಿ ಬಿಡಬಾರದು, ಅಷ್ಟೇ."

"ಬಿಡಲ್ಲ ಸಾರ್."

ಬಿಡಲಿಲ್ಲ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಕಾರಮಡೈ ಬಂತು, ಗಾಡಿ ನಿಲ್ಲಲಿಲ್ಲ. "ಟೀ, ಟೀ!" ಎಂದು ಆಡಿಟರ್ ಹಿಂದಿನ ಸೀಟಿನಿಂದ ಕೂಗಿದ. ಡ್ರೈವರು ತಲೆಯಾಡಿಸಿ, ತಮಗೆ ಬೇಡವೆಂದು ಕೈಸನ್ನೆ ಮಾಡಿದರು. ಗೇರ್‌ಬಾಕ್ಸ್ ಕುದಿಯುತ್ತಿದ್ದಂತೆಯೇ ಮೆಟ್ಟುಪಾಳ್ಯ ಸೇರಿದೆವು.

ತಂಗಿಯ ಮನೆಯ ಬೀದಿಯ ಕೊನೆಗೆ ಪಿಳ್ಳೆಯಾರ್ ಗುಡಿ. ಅದರಾಚೆ ದಾರಿಯಿಲ್ಲ, ಕಾಂಪೌಂಡ್ ಗೋಡೆ. ನೆಂಟರೆಲ್ಲ ಸೇರಿದ್ದರು. ತಂಗಿ ಆರತಿ ತಟ್ಟೆ ಹಿಡಿದು, ನನ್ನ ಕಡೆ ನೋಡದೆ ನಿಂತಿದ್ದಳು. ಅವಳ ಮಗ ಹೊಸ ಶರ್ಟು ಹಾಕಿಕೊಂಡು ಫೋನಿನಲ್ಲಿ ವೀಡಿಯೊ ತೆಗೆಯುತ್ತಿದ್ದ.

"ಇಲ್ಲೇ ನಿಲ್ಲಿಸಿ! ಇಲ್ಲೇ ತಿರುಗಿಸಿ!" ಎಂದು ಆಡಿಟರ್ ಬೀದಿಯ ಬಾಯಲ್ಲೇ ಅರಚಿದ. ಡ್ರೈವರು ನೇರವಾಗಿ ನಡೆಸಿದರು. ಜನ ಎರಡು ಕಡೆ ಸರಿದರು. ಗಾಡಿ ಗುಡಿಯನ್ನೂ ದಾಟಿ, ಗೋಡೆಗೆ ಒಂದು ಗೇಣು ಇದೆ ಎನ್ನುವಾಗ ನಿಂತಿತು. ಇಂಜಿನ್ ಆಫ್ ಆಯಿತು.

ಪೂಜಾರಿ ಮುಂದೆ ನೋಡಿದರು, ಹಿಂದೆ ನೋಡಿದರು. "ಮುಂದೆ ಜಾಗ ಇಲ್ಲ. ಪರವಾಗಿಲ್ಲ, ಹಣ್ಣನ್ನ ಚಕ್ರದ ಹಿಂದೆ ಇಡ್ತೀನಿ. ರಿವರ್ಸಲ್ಲೇ ಹತ್ತಿಸಿ" ಎಂದು ನಾಲ್ಕೂ ನಿಂಬೆಹಣ್ಣುಗಳನ್ನು ಹಿಂಬದಿಗೆ ಇಟ್ಟರು.

ನಾನು ಬಾಯಿ ತೆರೆಯುವಷ್ಟರಲ್ಲಿ ಆಡಿಟರ್ ಮುಂದಕ್ಕೆ ಬಾಗಿ, ಡ್ರೈವರ ಕಿವಿಯಲ್ಲಿ ಪಿಸುಗುಟ್ಟಿದ: "ಏನಾದ್ರೂ ಮಾಡಿ. ಗುಡಿಗೆ ಕೈಮುಗೀರಿ, ಟೈಂ ತಳ್ಳಿ, ತಣ್ಣಗಾಗಲಿ."

ಡ್ರೈವರು ಬೆಲ್ಟ್ ಬಿಚ್ಚಿದರು. ಕೆಳಗಿಳಿದು ಚಪ್ಪಲಿ ಬಿಟ್ಟು, ಗಾಡಿಯ ಕೀಲಿಯನ್ನು ನನ್ನ ತಂಗಿಯ ಕೈಯಲ್ಲಿದ್ದ ಆರತಿ ತಟ್ಟೆಯಲ್ಲಿ, ಕುಂಕುಮದ ಪಕ್ಕಕ್ಕೆ, ಇಟ್ಟರು. ಎರಡೂ ಕೈಯಿಂದ ಆಡಿಟರಿಗೆ ಡ್ರೈವರ್ ಸೀಟು ತೋರಿಸಿದರು. ಆಮೇಲೆ ನಿಧಾನವಾಗಿ ಗಾಡಿಯ ಹಿಂದಕ್ಕೆ ನಡೆದು, ಬೀದಿಯ ನಟ್ಟನಡುವೆ, ರೈಲಿಗೆ ಇಂಜಿನ್ ಜೋಡಿಸಲು ಹಳಿಯ ಪಕ್ಕ ನಿಂತವರಂತೆ ನೆಟ್ಟಗೆ ನಿಂತು, ಹೆಗಲ ಮೇಲಿನ ಹಸಿರು ಟವೆಲನ್ನು ಕೊಡವಿ ಬಿಡಿಸಿ, ಎಲ್ಲರೂ ನೋಡುತ್ತಿದ್ದಂತೆ, ತುಟಿ ಬಿಗಿಹಿಡಿದು, ಬಾ, ಹಿಂದಕ್ಕೆ ಬಾ ಎಂದು ಬೀಸತೊಡಗಿದರು.