ಕುದುರೆ ಇಳಿಯದ ಪುರುಷೋತ್ತಮ

ಅಶ್ವಮೇಧ ಮಾಡಿದ ಅರಸರೂ ಊಟದ ಹೊತ್ತಿಗೆ ಕುದುರೆಯಿಂದ ಇಳಿಯುತ್ತಿದ್ದರು. ನಮ್ಮ ರಾಜಾಜಿನಗರದ ಪುರುಷೋತ್ತಮ ಇಳಿಯಲಿಲ್ಲ. ದಸರಾ ರಜೆಯಲ್ಲಿ ನಮ್ಮ ಬೀದಿಯವರೆಲ್ಲ ಸೇರಿ ಬಸ್ಸು ಮಾಡಿಕೊಂಡು, ಅಡುಗೆ ಭಟ್ಟರನ್ನೂ ಕೊಳದಪ್ಪಲೆಗಳನ್ನೂ ಹೇರಿಕೊಂಡು ಮದರಾಸಿಗೆ ಹೋಗಿದ್ದೆವು. ಅಲ್ಲಿ ಒಂದು ದಿನ ಪೂರ್ತಿ ಸಮುದ್ರದ ದಂಡೆಯಲ್ಲಿ ವಿಶ್ರಾಂತಿ. ಹೆಂಗಸರು ಕಾಲು ನೆನೆಸಿದರು, ಗಂಡಸರು ದೋಣಿಯ ನೆರಳಲ್ಲಿ ಇಸ್ಪೀಟು ಹಾಕಿದರು. ಗುಮಾಸ್ತ ಪುರುಷೋತ್ತಮ ಮಾತ್ರ ಬೆಳಿಗ್ಗೆ ಒಂದು ಬಾಡಿಗೆ ಕುದುರೆ ಹತ್ತಿದವನು ಸಂಜೆಯವರೆಗೂ ಅದರ ಮೇಲೇ ಇದ್ದ. ಮೊಸರನ್ನವನ್ನೂ ಅಲ್ಲೇ ತಿಂದ.

ಸುದ್ದಿ ನಮ್ಮ ಬೀದಿಯಿಂದ ಹೊರಟಾಗ ಕುದುರೆ ಕಂದು ಬಣ್ಣದ್ದಾಗಿತ್ತು. ಬಸವೇಶ್ವರನಗರ ಮುಟ್ಟುವಾಗ ಬೆಳ್ಳಗಾಯಿತು. ವಿಜಯನಗರದಲ್ಲಿ ಅಲೆಗಳ ಮೇಲೆ ಓಡಿತು. ಕೆಂಗೇರಿಯವರ ಪ್ರಕಾರ ಪುರುಷೋತ್ತಮ ಬಲಗೈಯಲ್ಲಿ ಮೊಸರನ್ನ ಉಣ್ಣುತ್ತಲೇ, ಮುಳುಗುತ್ತಿದ್ದ ಮೀನುಗಾರನೊಬ್ಬನನ್ನು ಎಡಗೈಯಲ್ಲಿ ಎತ್ತಿ ದಡಕ್ಕೆ ಹಾಕಿದ.

ಈ ಕೀರ್ತಿಯ ಬೆನ್ನು ಹತ್ತಿ ಭಾನುವಾರ ಬೆಳಿಗ್ಗೆ ಗುರುಬಸಪ್ಪನವರು ವೀರನ ಮನೆಗೆ ಬಂದು ಕೂತಿದ್ದರು. ದಾವಣಗೆರೆ ಕಡೆಯ ಜವಳಿ ವ್ಯಾಪಾರಿ, ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ರಾಜ್ಯೋತ್ಸವದ ಮೆರವಣಿಗೆಯಲ್ಲಿ ಪುರುಷೋತ್ತಮ ಕೆಂಪೇಗೌಡರ ವೇಷ ಹಾಕಿ ಕುದುರೆ ಏರಬೇಕೆಂದು ಅವರ ಪಟ್ಟು. ವೀರ ಪೇಪರಿನ ಹಿಂದೆ ಅಡಗಿದ್ದ. ಯುದ್ಧ ಮಾಡುತ್ತಿದ್ದವಳು ಅವನ ಹೆಂಡತಿ ಅಂಬುಜಾ.

ಅಂಬುಜಾ: ಮತ್ತೆ ಅದನ್ನೇ ಹೇಳ್ತೀರಲ್ಲ ಗುರುಬಸಪ್ಪನೋರೇ. ಸವಾರಿ ಅಂತ ಯಾರು ಹೇಳಿದ್ದು ನಿಮಗೆ? ಆ ಕುದುರೆ ಒಂದು ಹೆಜ್ಜೆ ನಡೀಲಿಲ್ಲ. ಬೆಳಿಗ್ಗೆ ಎಲ್ಲಿ ನಿಂತಿತ್ತೋ ಸಂಜೆನೂ ಅಲ್ಲೇ. ಅದರ ಮೇಲೆ ಇವರು.

ಗುರುಬಸಪ್ಪ: ನಮಗೆ ಬೇಕಾಗಿರೋದೇ ಅದು ನೋಡ್ರಿ ಅಕ್ಕಾರೆ. ಮೆರವಣಿಗೆ ಅಂದ್ರೆ ನಿಂತು ನಿಂತು ಹೋಗೋದು. ಓಡೋ ಸವಾರನ್ನ ಕಟ್ಕೊಂಡು ನಾನೇನು ಮಾಡ್ಲಿ?

ಅಂಬುಜಾ: ಅದನ್ನ ಕುದುರೆ ಅನ್ನೋದೇ ಹೆಚ್ಚು. ಪಕ್ಕೆಲುಬು ಎಣಿಸಬಹುದಿತ್ತು. ಅದರ ಯಜಮಾನ ದೋಣಿ ಕೆಳಗೆ ಗೊರಕೆ ಹೊಡೀತಿದ್ದ. ಯಾರಾದ್ರೂ ಕದ್ದುಕೊಂಡು ಹೋಗಲಿ ಅಂತಲೇ ಬಿಟ್ಟಿದ್ನೋ ಏನೋ.

ಗುರುಬಸಪ್ಪ: ಮತ್ತೆ ಆ ಮೀನುಗಾರನ್ನ ಎತ್ತಿ ಹಾಕಿದ್ದು?

ಅಂಬುಜಾ: ಅವನೇ ಇವರಿಗೆ ಮೊಸರನ್ನದ ತಟ್ಟೆ ಎತ್ತಿ ಕೊಟ್ಟಿದ್ದು. ನಿಮ್ಮ ಅಂಗಡಿಗೆ ಬರೋ ಹೊತ್ತಿಗೆ ತಿರುಗಾಮುರುಗಾ ಆಗಿದೆ.

ಪೇಪರಿನ ಪುಟ ಮಗುಚುವ ಸದ್ದಾಯಿತು. ತಮ್ಮ ಗುಣಗಾನ ನಡೆಯುವಾಗ ವೀರರು ಹೀಗೆ ವಿನಯದಿಂದಿರುತ್ತಾರೆ.

ಗುರುಬಸಪ್ಪ: ನನ್ನ ಕಷ್ಟ ನಿಮಗೆ ತಿಳೀವಲ್ದು. ಹೋದ ವರ್ಷ ಕೆಂಪೇಗೌಡ್ರನ್ನ ಟೆಂಪೋದಾಗೆ ನಿಲ್ಸಿದ್ವಿ. ಡ್ರೈವರ್ ಬ್ರೇಕ್ ಹಾಕಿದ. ಬೆಂಗಳೂರು ಕಟ್ಟಿದ ದೊರೆ ನಾದಸ್ವರದೋರ ಮೇಲೆ ಬಿದ್ರು. ಬಸವೇಶ್ವರನಗರದೋರು ಇನ್ನೂ ನಗ್ತಾರ್ರಿ. ಈ ವರ್ಷ ಕುದುರಿ ಮೇಲೆ ಯಾರೂ ಕೂರಲಿಲ್ಲ ಅಂದ್ರೆ ನಾನು ಕಾರ್ಯದರ್ಶಿ ಕೆಲಸ ಬಿಡ್ಬೇಕಾಗ್ತದೆ.

ಅಂಬುಜಾ: ಇವರನ್ನ ಕೂರಿಸಿ ನೋಡಿ, ಊರೇ ಬಿಡಬೇಕಾಗುತ್ತೆ. ಸೈಕಲ್ ಹತ್ತೋಕೆ ಇವರಿಗೆ ನಮ್ಮ ಕಾಂಪೌಂಡ್ ಗೋಡೆ ಬೇಕು. ಗೋಡೆ ಇಲ್ಲದ ಕಡೆ ತಳ್ಕೊಂಡೇ ಬರ್ತಾರೆ.

ಪುರುಷೋತ್ತಮ (ಪೇಪರಿನ ಹಿಂದಿನಿಂದ): ಆಫೀಸಿಗೂ ಗೋಡೆ ಇದೆ.

ಅಂಬುಜಾ: ಕೇಳಿದ್ರಾ? ಆವತ್ತು ಕುದುರೆ ಹತ್ತಿಸಿದ ಚೆಂದ ನೀವು ನೋಡಬೇಕಿತ್ತು. ಅಡುಗೆ ಭಟ್ಟರು ಈ ಕಡೆಯಿಂದ ನೂಕಿದ್ರು, ಕುದುರೆಯವನು ಆ ಕಡೆಯಿಂದ ಎಳೆದ. ಲಾರಿಗೆ ಅಕ್ಕಿ ಮೂಟೆ ಹಾಕಿದ ಹಾಗೆ.

ಗುರುಬಸಪ್ಪ: ದೊರೆಗಳನ್ನ ಹಂಗೇ ಹತ್ತಿಸೋದ್ರಿ. ತಾವಾಗಿ ಹತ್ತೋನು ಸಿಪಾಯಿ.

ಅಂಬುಜಾ: ಕತ್ತಿ ಯಾರು ಹಿಡ್ಕೋತಾರೆ? ಇವರು ಎರಡು ಕೈಲೂ ಕುದುರೆ ಜೂಲು ಹಿಡ್ಕೊಂಡಿದ್ರು.

ಗುರುಬಸಪ್ಪ: ಮೊಸರನ್ನ ಹೆಂಗೆ ತಿಂದ್ರು?

ಅಂಬುಜಾ: ಅದಕ್ಕೆ ಮಾತ್ರ ಕೈ ಬಿಟ್ರು.

ಗುರುಬಸಪ್ಪ: ಕತ್ತಿಗೂ ಬಿಡ್ತಾರೆ ತಗೊಳ್ರಿ.

ಪುರುಷೋತ್ತಮ: ಕತ್ತಿ ಮರದ್ದಾ?

ಗುರುಬಸಪ್ಪ: ತಗಡಿಂದು ಸಾರ್. ಫಳಫಳ ಹೊಳೀತೈತಿ.

ಪುರುಷೋತ್ತಮ: ಮೀಸೆ ನೀವೇ ಕೊಡ್ತೀರೋ?

ಪೇಪರು ಒಂದು ಗೇಣು ಕೆಳಗಿಳಿದಿತ್ತು. ಅದರ ಮೇಲೆ ಕಂಡ ಕಣ್ಣುಗಳಲ್ಲಿ ಆಗಲೇ ಪೇಟ ಸುತ್ತಿಕೊಂಡ ಕಳೆ ಇತ್ತು. ಅಂಬುಜಾ ತಿರುಗಿ ನೋಡಿದಳು. ಪೇಪರು ಮತ್ತೆ ಮೇಲೇರಿತು.

ಅಂಬುಜಾ: ಮೀಸೆಯಂತೆ. ಬಿದ್ದು ಸೊಂಟ ಮುರ್ಕೊಂಡ್ರೆ ಮೀಸೆಗೆ ಎಣ್ಣೆ ತಿಕ್ಕೊಂಡು ಕೂತ್ಕೊಳ್ಳಿ. ನಾನಂತೂ ತಿಕ್ಕಲ್ಲ. ಆಗಲ್ಲ ಗುರುಬಸಪ್ಪನೋರೇ, ಹೊರಡಿ.

ಗುರುಬಸಪ್ಪನವರು ನಿಟ್ಟುಸಿರು ಬಿಟ್ಟು ಶಲ್ಯ ಕೊಡವಿ ಎದ್ದರು.

ಗುರುಬಸಪ್ಪ: ಆಯ್ತು ಬಿಡ್ರಿ. ಗೋಪೀನಾಥ್ ಅವರನ್ನೇ ಕರೀತೀನಿ. ನಿನ್ನೆ ವತ್ಸಲಮ್ಮ ತಾವಾಗೇ ಅಂಗಡಿಗೆ ಬಂದಿದ್ರು. ಇವರಿಗಿಂತ ಮೊದಲು ಅವರ ಮನೆಯವರೂ ಆ ಕುದುರಿ ಹತ್ತಿದ್ರಂತೆ. ಅಂಗಿ ಅಳತೆನೂ ಕೊಟ್ಟು ಹೋಗ್ಯಾರೆ.

ಅಂಬುಜಾ: ಯಾರು, ಎದುರುಮನೆ ವತ್ಸಲಾನಾ?

ಗುರುಬಸಪ್ಪ: ಹೌದ್ರಿ.

ಅಂಬುಜಾ: ಕೂತ್ಕೊಳ್ಳಿ. ಕಾಫಿ ಕುಡೀದೆ ಹೊರಟ್ರೆ ಹೇಗೆ?

ಗುರುಬಸಪ್ಪನವರು ಕೂತರು. ಕಾಫಿ ಬಂತು. ಅಂಬುಜಾಳ ದನಿಯಲ್ಲಿ ಸಕ್ಕರೆ ಅದಕ್ಕಿಂತ ಹೆಚ್ಚಿತ್ತು.

ಅಂಬುಜಾ: ಆಯಪ್ಪ ಕುದುರೆ ಹತ್ತಿದ್ದು ನಿಜ. ನಾನು ಸುಳ್ಳು ಹೇಳಲ್ಲ. ಹತ್ತಿದ್ದೇ ತಡ ಅದರ ಕುತ್ತಿಗೆ ತಬ್ಬಿಕೊಂಡು, ವತ್ಸಲಾ, ವತ್ಸಲಾ ಅಂತ ಕೂಗಿಕೊಂಡ. ಇಸ್ಪೀಟು ಆಡೋರೆಲ್ಲ ಎದ್ದು ಬಂದು ಬಿಡಿಸಬೇಕಾಯ್ತು. ಆ ಮುಖಕ್ಕೆ ಕೆಂಪೇಗೌಡರ ಪೇಟನಾ?

ಗುರುಬಸಪ್ಪ: ಕುದುರಿ ನಡೀಲೇ ಇಲ್ಲ ಅಂದ್ರಿ?

ಅಂಬುಜಾ: ನಮ್ಮ ಯಜಮಾನರು ನಡಿಯೋಕೆ ಬಿಡಲಿಲ್ಲ ಅನ್ನಿ. ತೊಡೇಲೇ ಅದುಮಿ ಹಿಡಿದಿದ್ರು.

ಗುರುಬಸಪ್ಪ: ಪಕ್ಕೆಲುಬು?

ಅಂಬುಜಾ: ಒಳ್ಳೆ ತಳಿಗೆ ಪಕ್ಕೆಲುಬು ಕಾಣಬೇಕು. ರೇಸಿನ ಕುದುರೆ ನೋಡಿಲ್ವಾ ನೀವು?

ಗುರುಬಸಪ್ಪ: ಅಕ್ಕಿ ಮೂಟಿ...

ಅಂಬುಜಾ: ತೂಕ ಇರೋರನ್ನ ತಾನೇ ಎತ್ತಿ ಕೂರಿಸೋದು. ಗೋಪೀನಾಥನ್ನ ಗಾಳಿಯೇ ಕೂರಿಸ್ತು.

ಗುರುಬಸಪ್ಪನವರು ಕಾಫಿ ಲೋಟವನ್ನು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

ಗುರುಬಸಪ್ಪ: ಒಂದೇ ಸಂಶಯ ಅಕ್ಕಾರೆ. ನಿಮ್ಮ ಯಜಮಾನ್ರಿಗೆ ಇಳಿಯಾಕೆ ಬರಲಿಲ್ಲ, ಅದಕ್ಕೇ ಕೂತಿದ್ರು ಅಂತ ವತ್ಸಲಮ್ಮ ಹೇಳ್ತಾರೆ. ಕಮಿಟಿಯೋರು ನಾಳೆ ಕೇಳ್ತಾರೆ. ಮೆರವಣಿಗೆ ಮುಗಿದ ಮೇಲೆ ದೊರೆ ಇಳೀದಿದ್ರೆ ಏನು ಗತಿ?

ಅಂಬುಜಾ: ಇಳಿಯೋಕೆ ಬರಲ್ವಂತಾ? ಸಂಜೆ ನಮ್ಮ ಬಸ್ಸು ಬಂದಿದ್ದೇ ತಡ, ಯಾರ ಕೈಯೂ ಹಿಡೀದೆ ಧುಮುಕಿ ಬಸ್ಸಿನ ಹತ್ರ ಓಡಿದ್ರು. ಇದೇ ಕಣ್ಣಲ್ಲಿ ನೋಡಿದೀನಿ.

ಗುರುಬಸಪ್ಪ: ಹಂಗಾದ್ರೆ ಅಷ್ಟು ಹೊತ್ತು ಯಾಕೆ ಕೂತಿದ್ರು?

ಅಂಬುಜಾ: ಯಾಕೆ ಅಂದ್ರೆ? ಅದು ರಕ್ತದಲ್ಲಿ ಬರಬೇಕು. ಛಲ. ನಿಮ್ಮ ವತ್ಸಲಮ್ಮನಿಗೆ ಅರ್ಥ ಆಗೋ ವಿಷಯ ಅಲ್ಲ.

ಎದುರುಮನೆಯ ವತ್ಸಲಾ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ಒಣಗದ ಬಟ್ಟೆಯನ್ನೂ ತೆಗೆಯುತ್ತಿದ್ದಳು. ಅಂಬುಜಾ ಅದನ್ನು ಕಂಡು ಗಂಡನ ಕೈಯಿಂದ ಪೇಪರು ಕಿತ್ತು, ತೋಳು ಹಿಡಿದು ಗೇಟಿನವರೆಗೆ ಕರೆತಂದು ನಿಲ್ಲಿಸಿದಳು. ಕೆಂಪೇಗೌಡರ ಪೇಟ, ಸಂಘದ ಮಾನ, ಎದುರುಮನೆಯ ಸೊಕ್ಕು, ಎಲ್ಲವೂ ಈಗ ಈ ಒಬ್ಬನ ಬಾಯಲ್ಲಿತ್ತು.

ಅಂಬುಜಾ: ರೀ, ನೀವೇ ಹೇಳಿ. ಬೆಳಿಗ್ಗೆಯಿಂದ ಸಂಜೆವರೆಗೂ ಕುದುರೆ ಇಳೀಲಿಲ್ಲ ಯಾಕೆ? ಗಟ್ಟಿಯಾಗಿ ಹೇಳಿ, ಕೇಳಬೇಕಾದೋರಿಗೆ ಕೇಳಲಿ.

ಪುರುಷೋತ್ತಮ ಗಟ್ಟಿಯಾಗಿಯೇ ಹೇಳಿದ:

ಕಾಲಲ್ಲಿ ಚಪ್ಪಲಿ ಇರಲಿಲ್ಲ ಕಣೇ. ಹೊಸದು, ಉಪ್ಪುನೀರು ತಾಗಿದ್ರೆ ಹಾಳಾಗುತ್ತೆ ಅಂತ ನೀನೇ ಬಸ್ಸಲ್ಲಿ ಬಿಡಿಸಿದ್ದೆ. ಬಸ್ಸು ಹೊರಟುಹೋಯ್ತು, ಮರಳು ಸುಡ್ತಾ ಇತ್ತು.