ಇಂಗ್ಲಿಷ್ ಬೀಚಿನ ಪ್ರವಾಸಿಗಳು ಮತ್ತು ಹಸನ್ ಕುಂಞಿಯವರ ಊರಿನ ರಜೆ

ಕ್ಯಾಂಪ್ ಕ್ಷೇಮ ವಿಭಾಗ
ಕ್ಯಾಂಪ್ ನಂ. 9, ಜುಬೈಲ್

ಸುತ್ತೋಲೆ ಸಂಖ್ಯೆ: ಕ್ಯಾಂಕ್ಷೇ/ಕಡಲು/17/1986
ದಿನಾಂಕ: 12-3-1986

ವಿಷಯ: ಕ್ಯಾಂಪಿನ ಇಂಗ್ಲಿಷ್ ಬೀಚಿಗೆ ಪ್ರವಾಸಿಗಳಾಗಿ ನೇಮಕಗೊಂಡ ಕಾರ್ಮಿಕರ ನಡತೆ, ಪೈಪ್ ಫಿಟ್ಟರ್ ಹಸನ್ ಕುಂಞಿಯವರ ರಜೆ ಅರ್ಜಿಯ ವಿಲೇವಾರಿ.

ಉಲ್ಲೇಖ: 1) ಸದರಿಯವರ ಅರ್ಜಿ (ಐದನೆಯದು). 2) ಸದರಿಯವರ ಪತ್ನಿಯ ಪತ್ರ (ಕಚೇರಿಯಲ್ಲಿ ತೆರೆದು ಓದಲಾಗಿದೆ).

ಮಾನ್ಯ ಮುಖ್ಯ ಇಂಜಿನಿಯರ್ ಸಾಹೇಬರು ಇಂಗ್ಲೆಂಡಿನ ಮಾರ್ಬಿ ಎಂಬ ಕಡಲತಡಿಯ ವಿಹಾರಪಟ್ಟಣದವರು. ಅಲ್ಲಿ ಅವರ ತಾಯಿ ಪ್ರವಾಸಿಗಳಿಗೆ ವಸತಿಗೃಹ ನಡೆಸುತ್ತಿದ್ದರು. ಸಾಹೇಬರಿಗೆ ಊರಿನ ನೆನಪು ವಿಪರೀತ ಕಾಡತೊಡಗಿದ್ದರಿಂದ ಕ್ಯಾಂಪಿನ ಹಿಂದಿನ ದಂಡೆಯಲ್ಲಿ ನಲವತ್ತು ಕ್ಯಾನ್‌ವಾಸ್ ಕುರ್ಚಿ ಹಾಕಿ, ಉಳಿಕೆ ಪೈಪುಗಳಿಂದ ನೀರಿನೊಳಕ್ಕೆ ಒಂದು ಸೇತುವೆ ಕಟ್ಟಲಾಯಿತು. ಸೇತುವೆ ಎಲ್ಲಿಗೂ ತಲುಪುವುದಿಲ್ಲ, ಮಾರ್ಬಿಯ ಸೇತುವೆಯೂ ತಲುಪುವುದಿಲ್ಲವಂತೆ. ಪ್ರವಾಸಿಗಳಿಲ್ಲದೆ ಪಟ್ಟಣಕ್ಕೆ ಕಳೆ ಬಾರದೆಂದು ಮನಗಂಡು, 4-1-1985ರಿಂದ ಪ್ರತಿ ಶುಕ್ರವಾರ ನಲವತ್ತು ಕಾರ್ಮಿಕರನ್ನು ಪ್ರವಾಸಿಗಳೆಂದು ನೇಮಿಸಲಾಗಿದೆ.

ಇವರಲ್ಲೊಬ್ಬರಾದ ಉಳ್ಳಾಲದ ಹಸನ್ ಕುಂಞಿಯವರು 1983ರ ಡಿಸೆಂಬರಿನಲ್ಲಿ ಕೆಲಸಕ್ಕೆ ಸೇರಿದವರು. ನಾಲ್ಕು ತಿಂಗಳ ಬಳಿಕ ಊರಿನಲ್ಲಿ ಹುಟ್ಟಿದ ಮಗಳು ಸಫಿಯತ್‌ಳ ಮುಖವನ್ನು ಇಂದಿನವರೆಗೂ ನೋಡಿರುವುದಿಲ್ಲ. ಎರಡು ವರ್ಷದ ದುಡಿಮೆಗೆ ಸಿಗಬೇಕಾದ ಅರವತ್ತು ದಿನಗಳ ರಜೆ ಕೇಳಿ ಐದು ಅರ್ಜಿ ಹಾಕಿ ಕಚೇರಿಯ ಪ್ರಾಣ ಹಿಂಡಿದ್ದಾರೆ. ಆದ ಕಾರಣ ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರಲಾಗಿರುವುದೇನೆಂದರೆ:

1. ಶುಕ್ರವಾರ ಜುಮಾ ನಮಾಝ್ ಮತ್ತು ಊಟ ಮುಗಿದೊಡನೆ ಕೋಣೆಗಳಿಗೆ ಬೀಗ ಹಾಕಿ ಸಂಜೆ ಐದಕ್ಕೆ ತೆರೆಯತಕ್ಕದ್ದು. ಸಾಹೇಬರ ತಾಯಿಯವರು ತಿಂಡಿಯಾದ ಮೇಲೆ ಅತಿಥಿಗಳನ್ನು ಹೊರಗೆ ಹಾಕಿದರೆ ಸಂಜೆಯವರೆಗೆ ಒಳಗೆ ಬಿಡುತ್ತಿರಲಿಲ್ಲ. ನಿದ್ದೆಗೆ ಇರುವುದು ವಾರದಲ್ಲಿ ಇದೊಂದೇ ದಿನವೆಂಬ ಅಹವಾಲನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಕುರ್ಚಿಯಲ್ಲಿ ಕಣ್ಣು ಮುಚ್ಚಲು ಅನುಮತಿಸಲಾಗಿದೆ. ಮುಖ ಮಾತ್ರ ಸಮುದ್ರದ ಕಡೆಗಿರತಕ್ಕದ್ದು.

2. ಮಾರ್ಬಿಯಲ್ಲಿ ಬೇಸಿಗೆಯಲ್ಲೂ ಚಳಿ, ಮಳೆ ತಪ್ಪದ ಕಾರಣ, ಇಲ್ಲಿ ಸೆಕೆ ಎಷ್ಟೇ ಇರಲಿ, ಪ್ರವಾಸಿಗಳು ಉಣ್ಣೆಯ ಕೋಟು ಧರಿಸಿ ಆಗಾಗ ಅಂಗೈ ಉಜ್ಜಿಕೊಳ್ಳತಕ್ಕದ್ದು. ಆಗಸ್ಟಿನಲ್ಲಿ ಇಬ್ಬರು ತಲೆತಿರುಗಿ ಬಿದ್ದರು. ಬೀಳುವಾಗಲೂ ಗುಂಡಿ ಬಿಚ್ಚದಿದ್ದುದನ್ನು ಮೆಚ್ಚುಗೆಯಿಂದ ದಾಖಲಿಸಲಾಗಿದೆ.

3. ಮೂರು ಗಂಟೆಗೆ ಅಗ್ನಿಶಾಮಕ ವಾಹನದಿಂದ ಮಳೆ ಬರಿಸಲಾಗುವುದು. ಯಾರೂ ಎದ್ದು ಓಡತಕ್ಕದ್ದಲ್ಲ. ಕೊಡೆ ಬಿಡಿಸಿ, ಇನ್ನೇನು ಬಿಟ್ಟೀತು ಎಂಬ ಮುಖ ಮಾಡಿಕೊಂಡು ಕೂರತಕ್ಕದ್ದು. ಮಳೆಗೆ ಸ್ನಾನದ ನೀರನ್ನೇ ಬಳಸುವುದರಿಂದ ಆ ಸಂಜೆ ಸ್ನಾನಗೃಹ ಮುಚ್ಚಿರುತ್ತದೆ. ನೆನೆದವರೆಲ್ಲ ಸ್ನಾನ ಮಾಡಿದವರೆಂದೇ ಪರಿಗಣಿಸಲ್ಪಡುವರು.

4. ಪ್ರವಾಸಿಗಳು ಯಾರ ಉಪಯೋಗಕ್ಕೂ ಬರತಕ್ಕದ್ದಲ್ಲ. ಕಳೆದ ತಿಂಗಳು ಇಲ್ಲಿನ ಮೀನುಗಾರರ ದೋಣಿಯೊಂದು ಮರಳಿನಲ್ಲಿ ಹೂತಾಗ ಹಸನ್ ಕುಂಞಿಯವರು ಕೋಟು ಎಸೆದು, ಪ್ಯಾಂಟು ಮಡಚಿ, ಹಗ್ಗಕ್ಕೆ ಕೈಹಾಕಿ ಐಲೇಸಾ ಎಂದು ಕೂಗಿದರು. ಉಳಿದ ಮೂವತ್ತೊಂಬತ್ತು ಪ್ರವಾಸಿಗಳೂ ದನಿಗೂಡಿಸಿದ್ದರಿಂದ ದೋಣಿ ದಡ ಸೇರಿತು ಮತ್ತು ಮಾರ್ಬಿಯ ವಾತಾವರಣ ಪೂರ್ತಿ ಹಾಳಾಯಿತು. ವಿಚಾರಣೆಯಲ್ಲಿ ಸದರಿಯವರ ಹೇಳಿಕೆ ಯಥಾವತ್ತಾಗಿ: "ಎಂತ ಮಾಡುದು ಮಾರಾಯ್ರೆ, ನನ್ನ ಅಪ್ಪ ರಂಪಣಿ ಬಲೆ ಎಳೆದವರು. ದೋಣಿ ಸಿಕ್ಕಿಬಿದ್ರೆ ಕೂತು ನೋಡ್ಲಿಕ್ಕೆ ಆಗ್ತದಾ? ಕೈ ತನ್ನಷ್ಟಕ್ಕೆ ಹೋಯ್ತು." ಸದರಿ ಕೈಗೆ ಎಚ್ಚರಿಕೆ ನೀಡಲಾಗಿದೆ.

5. ಪ್ರತಿ ಪ್ರವಾಸಿಯೂ ತಿಂಗಳಿಗೊಂದು ಬೀಚಿನ ಕುರ್ಚಿಗಳ ಚಿತ್ರದ ಕಾರ್ಡನ್ನು ಮನೆಗೆ ಕಳುಹಿಸತಕ್ಕದ್ದು. ಒಕ್ಕಣೆ: 'ಹವೆ ಚೆನ್ನಾಗಿದೆ. ನೀವೂ ಇಲ್ಲಿ ಇರಬೇಕಿತ್ತು.' ಇದಕ್ಕೆ ಒಂದಕ್ಷರವನ್ನೂ ಸೇರಿಸತಕ್ಕದ್ದಲ್ಲ. ಇಂಥ ಹದಿನಾಲ್ಕು ಕಾರ್ಡು ತಲುಪಿದ ಮೇಲೆ ಹಸನ್ ಕುಂಞಿಯವರ ಪತ್ನಿ ಆಮಿನತ್ ಬರೆದಿರುವುದು: "ಕುರ್ಚಿಯಲ್ಲಿ ಕೂತು ಸಮುದ್ರ ನೋಡ್ತಾ ಇದ್ದೀರಿ, ಆಯ್ತು. ಸಮುದ್ರ ಇಲ್ಲಿಯೂ ಉಂಟಲ್ಲ? ಕುರ್ಚಿ ನಾನು ಹಾಕಿ ಕೊಡ್ತೇನೆ. ಬಾಪ ಎಲ್ಲಿ ಕೇಳಿದ್ರೆ ಮಗು ಕಾರ್ಡು ತರುವ ಅಂಚೆಯ ನೋಣಯಣ್ಣನನ್ನು ತೋರಿಸ್ತದೆ. ಅವರಿಗೂ ನಾಚಿಕೆ, ನನಗೂ ನಾಚಿಕೆ. ಒಮ್ಮೆ ಬಂದು ಹೋಗಿ." ಪತ್ರದಲ್ಲಿ ಹವೆಯ ಪ್ರಸ್ತಾಪವಿಲ್ಲದ ಕಾರಣ ಉತ್ತರಿಸುವ ಅಗತ್ಯ ಕಂಡುಬಂದಿಲ್ಲ.

6. ಇನ್ನು ಅರ್ಜಿಯ ವಿಚಾರ. ಕುರ್ಚಿಯಲ್ಲಿ ಕೂತು ಸಮುದ್ರ ನೋಡುವುದು ಕೆಲಸವೆಂದು ನಿಯಮಾವಳಿಯಲ್ಲಿ ಎಲ್ಲಿಯೂ ಹೇಳಿಲ್ಲ. ಕೆಲಸವಲ್ಲದ್ದು ರಜೆ. ಕಳೆದ ಶುಕ್ರವಾರದವರೆಗೆ ಸದರಿಯವರು ಅರವತ್ತೆರಡು ದಿನಗಳನ್ನು ವಿಹಾರಪಟ್ಟಣದಲ್ಲಿ ಕಳೆದಿರುವುದರಿಂದ ಅವರ ಅರವತ್ತು ದಿನಗಳ ರಜೆ ಮುಗಿದಿರುತ್ತದೆ. ಹೆಚ್ಚುವರಿ ಎರಡು ದಿನಗಳನ್ನು 1988ರ ರಜೆಯಲ್ಲಿ ಮುರಿದುಕೊಳ್ಳಲಾಗುವುದು. ಶುಕ್ರವಾರ ಹೇಗೂ ವಾರದ ರಜೆಯಲ್ಲವೇ ಎಂದು ಸದರಿಯವರು ಕೇಳಿದ್ದಾರೆ. ಒಂದೇ ದಿನ ಎರಡು ರಜೆ ಅನುಭವಿಸಿದ್ದು ಇನ್ನೂ ಗಂಭೀರ ಅಪರಾಧವಾದ್ದರಿಂದ, ಆ ಪ್ರಶ್ನೆಯನ್ನು ಅವರ ಹಿತದೃಷ್ಟಿಯಿಂದಲೇ ಕೈಬಿಡಲಾಗಿದೆ.

7. ತೀರ್ಮಾನವನ್ನು ಓದಿ ಹೇಳಿದಾಗ ಸದರಿಯವರಿಗೆ ಬಹಳ ದುಃಖವಾಯಿತು. ಅಲ್ ಖೋಬರ್ ಪೇಟೆಯಿಂದ ಮಗಳಿಗೆಂದು ತಂದಿಟ್ಟಿದ್ದ ಫ್ರಾಕನ್ನು ಮೇಜಿನ ಮೇಲೆ ಬಿಡಿಸಿ, "ಇದು ಈಗಲೇ ಅವಳಿಗೆ ಗಿಡ್ಡ ಆಗಿರ್ಬಹುದು ಸಾರ್" ಎಂದರು. ನಾಲ್ಕು ವರ್ಷದ ಮಗುವಿನ ಅಳತೆಯದನ್ನು ಈಗಲೇ ಕೊಂಡಿಡುವಂತೆ ಸಲಹೆ ನೀಡಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ಸಹಿ/-
ಕಮಾಲುದ್ದೀನ್, ಕ್ಷೇಮಾಧಿಕಾರಿ
(ವಾರ್ಷಿಕ ರಜೆಯ ಮೇಲೆ ಊರಿಗೆ ತೆರಳಿದ್ದು, ಅವರ ಪರವಾಗಿ)

ಪ್ರತಿಗಳು:
1. ಮಾನ್ಯ ಮುಖ್ಯ ಇಂಜಿನಿಯರ್ ಸಾಹೇಬರಿಗೆ. ಕನ್ನಡ ಬಾರದ ಕಾರಣ ಓದದೆ ಅನುಮೋದಿಸುವಂತೆ ಕೋರಿ.
2. ಅಗ್ನಿಶಾಮಕ ವಿಭಾಗಕ್ಕೆ. ಮುಂದಿನ ಶುಕ್ರವಾರ ಗಾಳಿಯೂ ಇರುವಂತೆ ನೋಡಿಕೊಳ್ಳಲು.
3. ಊಟದ ಕೋಣೆಯ ಸೂಚನಾ ಫಲಕಕ್ಕೆ.
4. ಕುಮಾರಿ ಸಫಿಯತ್, ಪ್ರಾಯ ಒಂದು ವರ್ಷ ಹನ್ನೊಂದು ತಿಂಗಳು, ಉಳ್ಳಾಲ ಇವರಿಗೆ. ಓದಲು ಬಾರದ ಕಾರಣ ಬೀಚಿನ ಫೋಟೋ ಒಂದನ್ನು ಲಗತ್ತಿಸಿದೆ. ಎಡದಿಂದ ಏಳನೆಯ ಕೊಡೆಯ ಅಡಿಯಲ್ಲಿ ಇರುವವರು ಇವರ ತಂದೆಯೆಂದು ಕಚೇರಿಯ ಮೊಹರಿನೊಂದಿಗೆ ದೃಢೀಕರಿಸಲಾಗಿದೆ.