ನನ್ನ ವಿಟಮಿನ್ನುಗಳ ವ್ಯಥೆ
ಸುಮ್ಮನೆ ಸುಸ್ತಾಗುವುದಕ್ಕಿಂತ ಹೆಸರಿರುವ ಕಾಯಿಲೆಯೊಂದು ಇರುವುದು ಮನುಷ್ಯನಿಗೆ ಎಷ್ಟೋ ಗೌರವ. ಹನೂರಿನ ಕಚೇರಿಯಲ್ಲಿ ಹನ್ನೊಂದು ಗಂಟೆಗೇ ತೂಕಡಿಸುತ್ತಿದ್ದ ನನ್ನನ್ನು ಎಲ್ಲರೂ ಸೋಮಾರಿ ಎನ್ನುತ್ತಿದ್ದರು. ಕೊಳ್ಳೇಗಾಲದಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಮೇಲೆ ಅವರ ಬಾಯಿ ಮುಚ್ಚಿತು. ವಿಟಮಿನ್ ಡಿ ಕಡಿಮೆ, ಬಿ ಟ್ವೆಲ್ವ್ ಕಡಿಮೆ. ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಮಾತ್ರ ಜಾಸ್ತಿ. "ಚಿಂತೆಯಿಂದ ವಿಟಮಿನ್ ಇಳೀತೋ, ವಿಟಮಿನ್ ಇಳಿದು ಚಿಂತೆ ಹೆಚ್ಚಾಯ್ತೋ, ಒಂದು ರಿಪೋರ್ಟ್ ನೋಡಿ ಹೇಳಕ್ಕಾಗಲ್ಲ" ಎಂದರು ಡಾಕ್ಟರಮ್ಮ. ನನಗೆ ಅದೂ ಒಂದು ಚಿಂತೆಯಾಯಿತು.

ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಹಾಗಾಗಿ ಅಂದಿನಿಂದ ಹಾಲು, ಮೊಸರು, ನುಗ್ಗೆಸೊಪ್ಪು ಎಲ್ಲವೂ ನನ್ನ ತಟ್ಟೆಗೇ ಬಂದವು. ಮಾತ್ರೆಯ ಜೊತೆಗೆ ಬಿಸಿಲೂ ಬೇಕೆಂದು ನಾನು ಬನಿಯನ್ ಬಿಚ್ಚಿ ತಾರಸಿಯ ಮೇಲೆ ಮಲಗಿದರೆ, ಹೆಂಡತಿ ಮಂಗಳಾ ಒಣಹಾಕಿದ್ದ ಮೆಣಸಿನಕಾಯಿಯನ್ನು ನೆರಳಿಗೆ ಸರಿಸಿ ಜಾಗ ಮಾಡಿಕೊಡುತ್ತಿದ್ದಳು. ಮಜ್ಜಿಗೆ ತಂದವಳು ಒಮ್ಮೊಮ್ಮೆ ಮೆಟ್ಟಿಲಲ್ಲೇ ಕೂತು ಏದುಸಿರು ಬಿಡುತ್ತಿದ್ದಳು. "ಇಂಗೆ ಉಸಿರು ಬಿಟ್ರೆ ನಂಗೆ ಟೆನ್ಷನ್ ಆಯ್ತದೆ ಕಣೇ, ವಸಿ ನಿಧಾನಕ್ಕೆ ಬಾ" ಎಂದು ಗದರುತ್ತಿದ್ದೆ. ಕಾರ್ಟಿಸೋಲ್ ಜಾಸ್ತಿಯಿದ್ದವನ ಜೊತೆ ಅವಳು ವಾದಕ್ಕಿಳಿಯುತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಮತ್ತೆ ತೋರಿಸಲು ಇಬ್ಬರೂ ಹೋದೆವು. ಡಾಕ್ಟರಮ್ಮ ನನ್ನ ಹಾಳೆಯನ್ನು ಪಕ್ಕಕ್ಕಿಟ್ಟು, ಏದುಸಿರು ಬಿಡುತ್ತಿದ್ದ ಮಂಗಳಾಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

"ನಂಗೇನಾಗದೆ ಮೇಡಂ? ಚೆಂದಾಗಿವ್ನಿ. ಅವ್ರ್ನ ನೋಡಿ" ಎಂದಳು.

ಬಲವಂತವಾಗಿ ಅವಳ ರಕ್ತ ತೆಗೆಸಿದರು. ಹಿಮೋಗ್ಲೋಬಿನ್ ಏಳು. ನನ್ನದು ಹದಿನಾಲ್ಕು, ಸರಿಯಾಗಿ ಎರಡರಷ್ಟು.

"ಸೊಪ್ಪು ತಿಂತೀರಾ?"

"ಉಳುದ್ರೆ ತಿಂತೀನಿ ಮೇಡಂ. ಅವ್ರು ಉಂಡ್ಮೇಕೆ ತಾನೇ ನಾನು ಉಣ್ಣಾದು."

"ಏದುಸಿರು ಎಷ್ಟು ದಿನದಿಂದ?" ಎಂದು ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನನಗೆ ಗೊತ್ತಿರಲಿಲ್ಲ. ಹೀಗೇ ಬಿಟ್ಟಿದ್ದರೆ ಹೃದಯಕ್ಕೇ ಪೆಟ್ಟಾಗುತ್ತಿತ್ತು ಎಂದರು. ಭಯವಾಯಿತು. ನನ್ನ ಮೇಲೆ ನನಗೇ ಹೇಸಿಗೆಯೂ ಆಯಿತು. ನನ್ನ ರಕ್ತದಲ್ಲಿರುವುದನ್ನೆಲ್ಲ ಬಾಯಿಪಾಠ ಮಾಡಿದ್ದವನಿಗೆ, ಇಪ್ಪತ್ತು ವರ್ಷ ಜೊತೆಗಿದ್ದವಳ ಮುಖ ಬಿಳಿಚಿದ್ದು ಕಂಡಿರಲಿಲ್ಲ.

ಮನೆಗೆ ಬಂದವನೇ "ಇವತ್ತಿಂದ ಮೊದ್ಲು ನೀನು ಉಣ್ಬೇಕು" ಎಂದು ಅಪ್ಪಣೆ ಹೊರಡಿಸಿದೆ. ಅವಳು ಆಗಲಿ ಎಂದು ಗೋಡೆಗೊರಗಿ ಕೂತಳು. ನಾನೂ ಎದುರಿಗೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ, ಅಡುಗೆಯೇ ಆಗಿಲ್ಲವೆಂಬುದು ಇಬ್ಬರಿಗೂ ಹೊಳೆಯಿತು. ನೀನು ಕೂತ್ಕೊ ಎಂದು ಹೇಳಬೇಕೆಂದು ನಾನು ಯೋಚಿಸುವಷ್ಟರಲ್ಲಿ ಅವಳು ಎದ್ದುಹೋಗಿ ಒಲೆ ಹಚ್ಚಿದ್ದಳು. ಅನ್ನ ಆಗುವ ಹೊತ್ತಿಗೆ ನನಗೆ ವಿಪರೀತ ಹಸಿವಾಗಿತ್ತು. ಮೊದಲು ನಾನೇ ಉಂಡೆ.